ಮದ್ದಳೆ ನುಡಿಸುವ ಕೈಗೆ ಯಾವ ಡ್ರಮ್ ಪ್ಯಾಡ್ ಒಗ್ಗೀತು?

ಪೆರ್ಲದ ಲಯ:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವನು. ಮದ್ದಳೆ ಕಲಿತಿದ್ದೇನೆ, ಊರಿನ ಭಜನೆಗೂ ತಾಳಮದ್ದಳೆಗೂ ಕರೆ ಬಂದಾಗ ಹೋಗಿ ನುಡಿಸುತ್ತೇನೆ. ಈಚೆಗೆ ಭಜನೆಯ ಹಾಡುಗಳಿಗೆ ಮತ್ತು ಶಾಲಾ ವಾರ್ಷಿಕೋತ್ಸವದ ನೃತ್ಯಗಳಿಗೆ ಕಂಪ್ಯೂಟರಿನಲ್ಲಿ ಹಿನ್ನೆಲೆ ಸಂಗೀತ ಮಾಡಿಕೊಡುವ ಕೆಲಸವನ್ನೂ ಹಿಡಿದಿದ್ದೇನೆ. ವಿಂಡೋಸ್ ಲ್ಯಾಪ್‌ಟಾಪ್, ಅದರಲ್ಲಿ ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶ, ಒಂದು ಹೆಡ್‌ಫೋನ್, ಇಷ್ಟೇ ನನ್ನ ಸರಂಜಾಮು.

ಸದ್ಯ ತಾಳದ ಭಾಗವನ್ನೆಲ್ಲ ಮೌಸ್ ಹಿಡಿದು ಒಂದೊಂದೇ ಪೆಟ್ಟಾಗಿ ಕೂರಿಸುತ್ತಿದ್ದೇನೆ. ಲೆಕ್ಕ ತಪ್ಪುವುದಿಲ್ಲ, ಆದರೆ ಕೇಳುವಾಗ ಯಾರೋ ಪಾಠ ಒಪ್ಪಿಸಿದ ಹಾಗಿರುತ್ತದೆ. ಆದ್ದರಿಂದ ಕೈಯಿಂದಲೇ ನುಡಿಸಿ ದಾಖಲಿಸುವುದಕ್ಕೆ ಒಂದು ಪ್ಯಾಡ್ ಕಂಟ್ರೋಲರ್ (ಬೆರಳಿನ ಪೆಟ್ಟನ್ನು ಕಂಪ್ಯೂಟರಿಗೆ ಕಳುಹಿಸುವ ಸಾಧನ) ಕೊಳ್ಳಬೇಕೆಂದಿದ್ದೇನೆ. ಅಕಾಯ್ ಎಲ್‌ಪಿಡಿ8, ಅಕಾಯ್ ಎಂಪಿಡಿ218, ಕೋರ್ಗ್ ನ್ಯಾನೋಪ್ಯಾಡ್2, ನೊವೇಶನ್ ಲಾಂಚ್‌ಪ್ಯಾಡ್ ಮಿನಿ, ಈ ನಾಲ್ಕರ ಮೇಲೆ ಕಣ್ಣಿದೆ. ಇವುಗಳ ನಡುವೆ, ಗಾನಮೇಳದ ತಂಡವೊಂದು ತನ್ನ ಹಳೆಯ ರೋಲ್ಯಾಂಡ್ ಎಸ್‌ಪಿಡಿ-20 ರಿದಂ ಪ್ಯಾಡ್ ಮಾರಲಿದೆ ಎಂಬ ಸುದ್ದಿಯೂ ಬಂದಿದೆ. ಮಂಗಳೂರಿಗೆ ಹೋದರೂ ಇವೆಲ್ಲವನ್ನೂ ಒಂದೇ ಅಂಗಡಿಯಲ್ಲಿ ಬಡಿದು ನೋಡುವ ಅವಕಾಶ ಸಿಗುವಂತೆ ಕಾಣುವುದಿಲ್ಲ. ಬಳಸಿ ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಕುಂಬಳೆ ಕೋಟೆ:

ಪಟ್ಟಿಯಿಂದ ಲಾಂಚ್‌ಪ್ಯಾಡ್ ಮಿನಿಯನ್ನು ಈಗಲೇ ತೆಗೆದುಬಿಡಿ. ಅದು ಕೆಟ್ಟ ಉಪಕರಣವೆಂದಲ್ಲ. ಏಬಲ್ಟನ್ ಲೈವ್ ಎಂಬ ಸಂಗೀತ ತಂತ್ರಾಂಶದಲ್ಲಿ ಹಾಡಿನ ತುಣುಕುಗಳನ್ನು ಗುಂಡಿ ಒತ್ತಿ ಶುರು ಮಾಡುವವರಿಗೆ ಅದರ 64 ಗುಂಡಿಗಳು ಬಹಳ ಅನುಕೂಲ. ಆದರೆ ಮಿನಿಯ ಗುಂಡಿಗಳು ಪೆಟ್ಟಿನ ಬಲವನ್ನು ಗುರುತಿಸುವುದಿಲ್ಲ. ನೀವು ಬೆರಳ ತುದಿಯಿಂದ ಸವರಿದರೂ ಗುದ್ದಿದರೂ ಕಂಪ್ಯೂಟರಿಗೆ ಹೋಗುವ ಸಂಖ್ಯೆ ಒಂದೇ. ಮೌಸ್‌ನಿಂದ ಇಟ್ಟಾಗ ಜೀವವಿಲ್ಲವೆಂದು ನೀವು ದೂರಿದ್ದು ಬಹುಪಾಲು ಇದೇ ಕಾರಣಕ್ಕೆ ಇರಬೇಕು. ಅದೇ ಸಂಸ್ಥೆಯ ಲಾಂಚ್‌ಪ್ಯಾಡ್ ಎಕ್ಸ್ ಮತ್ತು ಪ್ರೊ ಮಾದರಿಗಳು ಬಲವನ್ನು ಗುರುತಿಸುತ್ತವೆ, ಆದರೆ ಅವುಗಳ ಬೆಲೆ ಬೇರೆ, ಗುಂಡಿಗಳೂ ಚಿಕ್ಕವು.

ನುಡಿಸಿದ್ದನ್ನು ವಾದ್ಯದಿಂದ ಕಂಪ್ಯೂಟರಿಗೆ ಸಂಖ್ಯೆಗಳಾಗಿ ಸಾಗಿಸುವ ಮಿಡಿ ವ್ಯವಸ್ಥೆ 1983ರಲ್ಲಿ ಬಂದಾಗಿನಿಂದಲೂ ಪೆಟ್ಟಿನ ಬಲವನ್ನು 1ರಿಂದ 127ರವರೆಗಿನ ಒಂದು ಸಂಖ್ಯೆಯಾಗಿಯೇ ಕಳುಹಿಸುತ್ತಿದೆ. ಪ್ಯಾಡಿನ ಬೆಲೆಯಲ್ಲಿ ನಿಜವಾಗಿ ನಾವು ಕೊಳ್ಳುವುದು ಈ 127 ಮೆಟ್ಟಿಲುಗಳಲ್ಲಿ ಎಷ್ಟನ್ನು ನಮ್ಮ ಕೈ ಹತ್ತಿ ಇಳಿಯಬಲ್ಲದು ಎಂಬುದನ್ನು. ಅಗ್ಗದ ಪ್ಯಾಡುಗಳಲ್ಲಿ ಮೆಲ್ಲನೆಯ ಪೆಟ್ಟುಗಳು ದಾಖಲಾಗುವುದೇ ಇಲ್ಲ, ಸ್ವಲ್ಪ ಬಲ ಹೆಚ್ಚಿದರೆ ನೇರವಾಗಿ ನೂರರ ಮೇಲಕ್ಕೆ ಹಾರುತ್ತದೆ, ನಡುವಿನ ಭಾಗ ಖಾಲಿಯಾಗಿಯೇ ಉಳಿಯುತ್ತದೆ. ರಬ್ಬರಿನ ಕೆಳಗಿರುವ ಒತ್ತಡ ಗ್ರಹಿಸುವ ಪದರದ ಗುಣ, ರಬ್ಬರಿನ ದಪ್ಪ, ಒಳಗಿನ ತಂತ್ರಾಂಶವು ಒತ್ತಡವನ್ನು ಸಂಖ್ಯೆಯಾಗಿಸುವ ಬಲರೇಖೆ, ಈ ಮೂರೂ ಸೇರಿ ಅದನ್ನು ನಿರ್ಧರಿಸುತ್ತವೆ.

ನೀವು ಹೇಳಿದವುಗಳಲ್ಲಿ ನನ್ನ ಮತ ಎಂಪಿಡಿ218ಕ್ಕೆ. 16 ಪ್ಯಾಡುಗಳು, ಗುಂಡಿ ಒತ್ತಿ ಬದಲಾಯಿಸುವ ಮೂರು ಬ್ಯಾಂಕುಗಳು (ಸ್ವರಗಳ ಗುಂಪುಗಳು) ಇರುವುದರಿಂದ ಒಟ್ಟು 48 ಸ್ವರಗಳು, ಆರು ತಿರುಗುಗುಂಡಿಗಳು. ವಿದ್ಯುತ್ತು ಯುಎಸ್‌ಬಿ ತಂತಿಯಿಂದಲೇ ಬರುತ್ತದೆ. ಪ್ಯಾಡುಗಳು ದೊಡ್ಡವು, ದಪ್ಪವಾಗಿವೆ. ಎಲ್‌ಪಿಡಿ8 ಚೀಲದಲ್ಲಿ ಹಾಕಿಕೊಂಡು ಹೋಗುವುದಕ್ಕೆ ಚೆನ್ನ, ಆದರೆ ಎಂಟೇ ಪ್ಯಾಡುಗಳು. ನ್ಯಾನೋಪ್ಯಾಡ್2ರಲ್ಲಿ ಹದಿನಾರಿದ್ದರೂ ಎಂಟೆಂಟರ ಎರಡು ಸಾಲುಗಳಾಗಿ ಹರಡಿಕೊಂಡಿವೆ, ಅಷ್ಟು ತೆಳ್ಳಗಿನ ಪ್ಯಾಡಿನ ಮೇಲೆ ಮದ್ದಳೆಯ ಕೈ ನಿಲ್ಲುವುದು ಕಷ್ಟ.

ಪಯಸ್ವಿನಿ:

ಅಕಾಯ್ ಎಂಪಿಕೆ ಮಿನಿ ಏಕೆ ಬೇಡ? 25 ಮನೆಗಳ ಕೀಬೋರ್ಡೂ ಎಂಟು ಪ್ಯಾಡುಗಳೂ ಒಂದರಲ್ಲೇ ಬರುತ್ತವೆ. ಭಜನೆಯ ಹಾಡಿಗೆ ಹಾರ್ಮೋನಿಯಂ, ಕೊಳಲು ಎಲ್ಲವೂ ಬೇಕಾಗುತ್ತವಲ್ಲ.

ಕುಂಬಳೆ ಕೋಟೆ:

ಎರಡೂ ಒಂದರಲ್ಲೇ ಬೇಕು, ಮೇಜಿನಲ್ಲಿ ಜಾಗವಿಲ್ಲ ಎನ್ನುವವರಿಗೆ ಅದು ಸರಿ. ಪ್ರಶ್ನೆ ಕೇಳಿದವರ ಉದ್ದೇಶ ತಾಳವನ್ನು ಕೈಯಿಂದ ನುಡಿಸುವುದು. ಅಲ್ಲಿ ಮೂಲೆಗೆ ಸರಿಸಿದ ಎಂಟು ಪುಟ್ಟ ಪ್ಯಾಡುಗಳಿಂದ ತೃಪ್ತಿಯಾಗದು.

ಅಡೂರಿನ ಮಾಷ್ಟ್ರು:

ನಾನು ಕಂಪ್ಯೂಟರ್ ಪಂಡಿತನಲ್ಲ, ಹಿಮ್ಮೇಳ ಕಲಿಸುವವನು. ಆದರೂ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈ ಪ್ಯಾಡುಗಳನ್ನು ತಂದು ಎದುರಿಗಿಟ್ಟು ‘ನುಡಿಸಿ ನೋಡಿ’ ಎಂದದ್ದರಿಂದ ಎರಡು ಮಾತು ಹೇಳುವ ಅಧಿಕಾರವಿದೆಯೆಂದುಕೊಂಡಿದ್ದೇನೆ.

ಈ ನಾಲ್ಕು ಅಡ್ಡ, ನಾಲ್ಕು ಉದ್ದದ ವಿನ್ಯಾಸ ಎಲ್ಲಿಂದ ಬಂತೆಂದು ಕೇಳಿದಾಗ ಹುಡುಗರು ವಿವರಿಸಿದರು: 1988ರಲ್ಲಿ ರೋಜರ್ ಲಿನ್ ಎಂಬವರು ಅಕಾಯ್ ಸಂಸ್ಥೆಗಾಗಿ ರೂಪಿಸಿದ ಎಂಪಿಸಿ60 ಎಂಬ ಯಂತ್ರದಲ್ಲಿ ಅದು ನೆಲೆಯಾಯಿತಂತೆ. ಅಲ್ಲಿ ಒಂದು ಪ್ಯಾಡಿಗೆ ಒಂದು ವಾದ್ಯ, ಅಂದರೆ ಇಲ್ಲಿ ಕಿಕ್, ಅಲ್ಲಿ ಸ್ನೇರ್, ಮೇಲೆ ಹೈಹ್ಯಾಟ್. ಪಾಶ್ಚಾತ್ಯ ಡ್ರಮ್ ಸೆಟ್ಟಿಗೆ ಆ ಲೆಕ್ಕ ಸರಿಹೊಂದುತ್ತದೆ, ಏಕೆಂದರೆ ಅಲ್ಲಿ ಒಂದೊಂದು ಡ್ರಮ್ಮೂ ಹೆಚ್ಚುಕಡಿಮೆ ಒಂದೊಂದೇ ನುಡಿ ನುಡಿಯುತ್ತದೆ. ಮದ್ದಳೆಯಲ್ಲಿ ಹಾಗಲ್ಲ. ಇರುವುದು ಎರಡೇ ಮುಖ, ಆದರೆ ಬಲಮುಖದಲ್ಲಿಯೇ ನಡುವಿನ ಕಪ್ಪು ಲೇಪವಾದ ಕರಣೆಯ ಮೇಲೆ ಬೆರಳು ಬಿದ್ದರೆ ಒಂದು ನಾದ, ಅಂಚಿನಲ್ಲಿ ಬಿದ್ದರೆ ಇನ್ನೊಂದು, ಛಾಪಿಗೆ ಮತ್ತೊಂದು. ಕೈ ಎತ್ತಿದರೆ ನಾದ ಉಳಿಯುತ್ತದೆ, ಎತ್ತದಿದ್ದರೆ ಮುಚ್ಚಿಹೋಗುತ್ತದೆ. ಎಡಮುಖದಲ್ಲಿ ಅಂಗೈಯ ಬುಡವನ್ನು ಒತ್ತಿ ಎಳೆದು ತರುವ ಗುಮ್ಕಿಗೆ ಯಾವ ಪ್ಯಾಡಿನಲ್ಲಿ ಜಾಗವಿದೆ?

ಹಾಗಾಗಿ ಪ್ಯಾಡಿನಲ್ಲಿ ನುಡಿಸುವಾತ ಮದ್ದಳೆ ನುಡಿಸುವುದಿಲ್ಲ. ಮದ್ದಳೆಯ ನಾದಗಳನ್ನು ಹದಿನಾರು ಚೌಕಗಳಲ್ಲಿ ಹಂಚಿಕೊಂಡು ಹೊಸತೊಂದು ವಾದ್ಯವನ್ನು ಕಲಿಯುತ್ತಾನೆ. ಇದನ್ನು ಒಪ್ಪಿಕೊಂಡು ಕೊಂಡರೆ ನಿರಾಶೆಯಾಗದು. ಕೈಯ ವಿದ್ಯೆ ಹಾಗೆಯೇ ಬಳಕೆಗೆ ಬರಬೇಕೆಂದಾದರೆ ರೋಲ್ಯಾಂಡಿನ ಹ್ಯಾಂಡ್‌ಸಾನಿಕ್ ಜಾತಿಯ ವಾದ್ಯವನ್ನು ನೋಡಬೇಕು. ಅದು ದುಂಡಗಿರುತ್ತದೆ, ಬರಿಗೈಯಿಂದಲೇ ನುಡಿಸುವುದಕ್ಕೆಂದು ಮಾಡಿದ್ದು, ಒತ್ತಿ ಹಿಡಿದರೆ ನಾದ ಬದಲಾಗುವ ಏರ್ಪಾಡೂ ಇದೆ. ಹಳೆಯ ಎಚ್‌ಪಿಡಿ-15ರಲ್ಲಿ 15 ಭಾಗಗಳಿದ್ದವು, ಆಮೇಲಿನ ಎಚ್‌ಪಿಡಿ-20ರಲ್ಲಿ 13. ಆದರೆ ಬೆಲೆ ಎಂಪಿಡಿಯ ಹಲವು ಪಟ್ಟು.

ಚಂದ್ರಗಿರಿ ತೀರ:

ಮಾಷ್ಟ್ರೇ, ನೀವು ಹೇಳಿದ್ದು ನಿಜ, ಆದರೂ ಅದರಿಂದ ಪೆರ್ಲದವರು ಧೈರ್ಯಗೆಡಬೇಕಾಗಿಲ್ಲ. ನಾನು ಧ್ವನಿಮುದ್ರಣದ ಕೆಲಸದಲ್ಲಿರುವವಳು, ಎರಡು ಬೆರಳುಗಳಲ್ಲೇ ಎಂಪಿಡಿಯ ಮೇಲೆ ತಬಲಾದ ಠೇಕವನ್ನು ಬಹಳ ನಂಬುವ ಹಾಗೆ ನುಡಿಸುವವರನ್ನು ಕಂಡಿದ್ದೇನೆ. ಅವರಿಗೆ ತಬಲಾ ಬರುತ್ತಿತ್ತು ಎಂಬುದೇ ಅಲ್ಲಿ ಮುಖ್ಯ. ಬೆರಳು ಎಲ್ಲಿ ಬೀಳುತ್ತದೆ ಎಂಬುದು ಬದಲಾದರೂ ಯಾವ ಪೆಟ್ಟು ಹಗುರ, ಯಾವುದು ಭಾರ, ಯಾವುದು ಕೂದಲೆಳೆಯಷ್ಟು ಹಿಂದೆ ನಿಲ್ಲಬೇಕು ಎಂಬುದು ತಲೆಯಲ್ಲಿ ಇದ್ದೇ ಇರುತ್ತದೆ.

ನಾನು ಹೇಳಬೇಕೆಂದಿರುವುದು ಬೇರೊಂದು ಸಂಗತಿ. ಯಾವ ಪ್ಯಾಡ್ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ನಿಮ್ಮ ಲ್ಯಾಪ್‌ಟಾಪ್ ಎಷ್ಟು ಬೇಗ ಉತ್ತರ ಕೊಡುತ್ತದೆಂದು ನೋಡಿಕೊಳ್ಳಿ. ಪೆಟ್ಟು ಹಾಕಿದ ಮೇಲೆ ನಾದ ತಡವಾಗಿ ಬಂದರೆ ಎಷ್ಟೇ ದುಬಾರಿಯ ಪ್ಯಾಡಾದರೂ ಕೈ ತಾಳ ಬಿಡುತ್ತದೆ, ಜನ ಪ್ಯಾಡನ್ನು ಬೈಯುತ್ತಾರೆ. ರೀಪರಿನ ಆಡಿಯೋ ಡಿವೈಸ್ ವಿಭಾಗದಲ್ಲಿ ಬಫರ್ ಎಂಬ ಸಂಖ್ಯೆ ಇರುತ್ತದೆ, ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳುಹಿಸುವ ಧ್ವನಿಯ ಚೂರುಗಳ ಲೆಕ್ಕ ಅದು. ಸೆಕೆಂಡಿಗೆ ಅಂಥ 44,100 ಚೂರುಗಳ ಲೆಕ್ಕದಲ್ಲಿ ಬಫರ್ 1024 ಇದ್ದರೆ ಸುಮಾರು 23 ಮಿಲಿಸೆಕೆಂಡ್, 512ಕ್ಕೆ 11.6, 256ಕ್ಕೆ 5.8, 128ಕ್ಕೆ 2.9. ಶಬ್ದ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ 34 ಸೆಂಟಿಮೀಟರ್ ಸಾಗುತ್ತದೆ. ಎಂದರೆ 1024ರಲ್ಲಿ ನುಡಿಸುವುದೆಂದರೆ ಮದ್ದಳೆಯನ್ನು ಎಂಟು ಮೀಟರ್ ಆಚೆ ಇಟ್ಟು ಇಲ್ಲಿ ಕುಳಿತು ಕೈಯಾಡಿಸಿದ ಹಾಗೆ. ಬಫರಿನ ಜೊತೆಗೆ ಯುಎಸ್‌ಬಿ, ಚಾಲಕ ತಂತ್ರಾಂಶ, ಧ್ವನಿ ಕಾರ್ಡು ಇವುಗಳ ತಡವೂ ಒಂದಷ್ಟು ಸೇರುತ್ತದೆ. ಒಟ್ಟು ಹತ್ತು ಮಿಲಿಸೆಕೆಂಡಿನ ಒಳಗಿದ್ದರೆ ನುಡಿಸಬಹುದು.

ವಿಂಡೋಸಿನಲ್ಲಿ ಆಡಿಯೋ ಇಂಟರ್‌ಫೇಸ್ (ಹೊರಗಿನಿಂದ ಜೋಡಿಸುವ ಧ್ವನಿ ಪೆಟ್ಟಿಗೆ) ಇದ್ದರೆ, ತಡ ಕಡಿಮೆ ಮಾಡುವ ಅದರದೇ ಆಸಿಯೋ ಚಾಲಕವನ್ನು ಹಾಕಿಕೊಳ್ಳಿ. ಇಲ್ಲದಿದ್ದರೆ ಉಚಿತವಾಗಿ ಸಿಗುವ ಆಸಿಯೋ4ಆಲ್ ಅನ್ನಾದರೂ, ವಿಂಡೋಸಿನಲ್ಲಿಯೇ ಇರುವ ವಾಸಪಿಯ ಎಕ್ಸ್‌ಕ್ಲೂಸಿವ್ ವಿಧಾನವನ್ನಾದರೂ ಪ್ರಯತ್ನಿಸಿ. ಬ್ಲೂಟೂತ್ ಹೆಡ್‌ಫೋನನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಅದರ ತಡವನ್ನು ಯಾವ ಬಫರೂ ಸರಿಪಡಿಸಲಾರದು. ಇನ್ನೊಂದು, ಬಹಳ ಜನ ಗಮನಿಸದ ಕಾರಣ: ಮೊದಲೇ ದಾಖಲಿಸಿಟ್ಟ ಮಾದರಿ ನಾದದ ಕಡತದ ಆರಂಭದಲ್ಲಿ ಉಳಿದುಹೋಗಿರುವ ಮೌನ. ಪೆಟ್ಟಿನ ಮೊದಲು ಹತ್ತು ಮಿಲಿಸೆಕೆಂಡ್ ಖಾಲಿಯಿದ್ದರೆ ಆ ತಡ ಪ್ರತಿ ಸಲವೂ ನಿಮ್ಮ ಕೈಗೆ ಅಂಟಿಕೊಂಡೇ ಇರುತ್ತದೆ. ಅಲೆಯನ್ನು ದೊಡ್ಡದು ಮಾಡಿ ನೋಡಿ, ಪೆಟ್ಟು ಏಳುವ ಬಿಂದುವಿಗೆ ಸರಿಯಾಗಿ ಕತ್ತರಿಸಿ.

ಪರೀಕ್ಷೆಗೆ ಹಣ ಖರ್ಚು ಮಾಡಬೇಕಾಗಿಯೂ ಇಲ್ಲ. ಮನೆಯಲ್ಲೋ ನೆರೆಮನೆಯಲ್ಲೋ ಯಮಹಾ ಪಿಎಸ್‌ಆರ್ ಕೀಬೋರ್ಡ್ ಇದ್ದರೆ ಅದರ ಹಿಂಬದಿ ನೋಡಿ. ಹೆಚ್ಚಿನ ಮಾದರಿಗಳಲ್ಲಿ ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಕಿಂಡಿ ಇರುತ್ತದೆ. ಅದರ ಮನೆಗಳಿಂದಲೇ ಮದ್ದಳೆಯ ನಾದಗಳನ್ನು ನುಡಿಸಿ ನೋಡಬಹುದು.

ಪೆರ್ಲದ ಲಯ:

ಅಕ್ಕ, ತುಂಬ ಉಪಕಾರವಾಯಿತು. ನನ್ನ ಸ್ವಂತ ಅಕ್ಕನ ಮಗಳ ಕೀಬೋರ್ಡನ್ನು ಜೋಡಿಸಿ ನೋಡಿದೆ. ಬಫರ್ 1024ರಲ್ಲಿಯೇ ಇತ್ತು. ಆಸಿಯೋ4ಆಲ್ ಹಾಕಿ 256ಕ್ಕೆ ಇಳಿಸಿದ ಮೇಲೆ ವ್ಯತ್ಯಾಸ ಬೆರಳಿಗೇ ತಿಳಿಯಿತು. 128ಕ್ಕೆ ಇಳಿಸಿದಾಗ ಮಾತ್ರ ಲ್ಯಾಪ್‌ಟಾಪ್ ಚಟಚಟ ಸದ್ದು ಮಾಡುತ್ತದೆ.

ಕೀಬೋರ್ಡಿನ ಮನೆಗಳು ಆಳಕ್ಕೆ ಇಳಿಯುವುದರಿಂದ ಒಂದೇ ಮನೆಯ ಮೇಲೆ ಬೇಗ ಬೇಗ ಎರಡು ಬೆರಳು ಬಿದ್ದಾಗ ಎರಡನೆಯದು ನುಂಗಿಹೋಗುತ್ತದೆ. ಆದ್ದರಿಂದ ಪ್ಯಾಡ್ ಬೇಕೆಂಬುದು ಖಚಿತ. ಈಗ ಉಳಿದಿರುವ ಸಂದೇಹ ಎಸ್‌ಪಿಡಿ-20 ಕುರಿತು. ಮಾರುವವರು ಹೇಳುವ ಬೆಲೆ ಹೊಸ ಎಂಪಿಡಿಗಿಂತ ಬಹಳ ಹೆಚ್ಚೇನಲ್ಲ. ಅದನ್ನು ಕೊಂಡರೆ ಕಾರ್ಯಕ್ರಮಕ್ಕೂ ಆಯಿತು, ಕಂಪ್ಯೂಟರಿಗೂ ಆಯಿತು ಎಂಬ ಆಸೆ.

ಉಪ್ಪಳದ ರಿದಂ:

ಗಾನಮೇಳಗಳಲ್ಲಿ ಪ್ಯಾಡ್ ನುಡಿಸುವವನು ನಾನು, ಆದ್ದರಿಂದ ಈ ಪ್ರಶ್ನೆಗೆ ನಾನೇ ಉತ್ತರಿಸುವುದು ಸರಿ. ಎಸ್‌ಪಿಡಿ-20 1990ರ ದಶಕದ ಕೊನೆಯ ಯಂತ್ರ. ನಮ್ಮ ದೇಶದ ಆರ್ಕೆಸ್ಟ್ರಾಗಳಲ್ಲಿ ಅದರಷ್ಟು ಬೇರೂರಿದ ರಿದಂ ಪ್ಯಾಡ್ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಅದರ ಒಳಗಿನ ತಬಲಾ, ಢೋಲಕ್ ನಾದಗಳಿಗೇ ಜನ ಒಗ್ಗಿಹೋಗಿದ್ದಾರೆ. ಎಂಟು ಪ್ಯಾಡುಗಳು, ಕೋಲಿನಿಂದ ಬಡಿಯುವುದಕ್ಕೆ ಮಾಡಿದವು. ಇಲ್ಲಿಯೇ ನಿಮ್ಮ ಉತ್ತರವೂ ಇದೆ. ನಿಮಗೆ ಬೇಕಾದದ್ದು ಚೆಂಡೆಯಾಗಿದ್ದರೆ ನಾನು ಕಣ್ಣು ಮುಚ್ಚಿ ‘ಕೊಳ್ಳಿ’ ಎನ್ನುತ್ತಿದ್ದೆ. ಕೋಲು ಪುಟಿಯುವ ಗುಣದಿಂದ ಬರುವ ಉರುಳಿಕೆಯನ್ನು ಬೆರಳಿನ ಪ್ಯಾಡಿನಲ್ಲಿ ತರುವುದು ಬಹಳ ಕಷ್ಟ. ಕೋಲಿನ ಪ್ಯಾಡಿನಲ್ಲಿ ಅದು ತಾನಾಗಿ ಬರುತ್ತದೆ. ಮದ್ದಳೆಯ ಬೆರಳಿಗೆ ಅದೇ ಪ್ಯಾಡು ಕಲ್ಲಿನಂತೆ ಗಟ್ಟಿ. ಸೂಕ್ಷ್ಮತೆಯನ್ನು ಏರಿಸಿ ಕೈಯಿಂದ ನುಡಿಸುವವರಿದ್ದಾರೆ, ಆದರೆ ಹಾಗೆ ಏರಿಸಿದಾಗ ಒಂದು ಪ್ಯಾಡನ್ನು ಮುಟ್ಟಿದರೆ ಪಕ್ಕದ್ದೂ ಸದ್ದು ಮಾಡುವ ತೊಂದರೆ ಶುರುವಾಗುತ್ತದೆ.

ಕಂಪ್ಯೂಟರಿಗೆ ಜೋಡಿಸುವ ವಿಷಯ: ಅದರಲ್ಲಿ ಯುಎಸ್‌ಬಿ ಇಲ್ಲ, ಐದು ಸೂಜಿಯ ದುಂಡನೆಯ ಮಿಡಿ ಔಟ್ ಇದೆ. ನಡುವೆ ಒಂದು ಮಿಡಿ–ಯುಎಸ್‌ಬಿ ತಂತಿ ಬೇಕು. ಆನ್‌ಲೈನಿನಲ್ಲಿ ತೀರ ಅಗ್ಗಕ್ಕೆ ಸಿಗುವ ಹೆಸರಿಲ್ಲದ ತಂತಿಗಳು ವೇಗದ ನುಡಿಸಾಣಿಕೆಯಲ್ಲಿ ಪೆಟ್ಟುಗಳನ್ನು ನುಂಗುತ್ತವೆ, ಕೆಲವೊಮ್ಮೆ ನಾದ ನಿಲ್ಲದೆ ಸಿಕ್ಕಿಹಾಕಿಕೊಳ್ಳುತ್ತದೆ. ಮಿಡಿ ಕಿಂಡಿ ಇರುವ ಆಡಿಯೋ ಇಂಟರ್‌ಫೇಸನ್ನೇ ಕೊಳ್ಳುವುದು ಮೇಲು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಳೆಯದನ್ನು ನೋಡಲು ಹೋಗುವಾಗ ಕೋಲುಗಳ ಜೊತೆ ಹೆಡ್‌ಫೋನನ್ನೂ ಒಯ್ಯಿರಿ. ಪ್ರತಿ ಪ್ಯಾಡನ್ನೂ ನಡುವಿನಲ್ಲಿ, ನಾಲ್ಕು ಮೂಲೆಗಳಲ್ಲಿ, ಆದಷ್ಟು ಮೆಲ್ಲನೆ ಬಡಿಯಿರಿ. ಜೋರಾದ ಪೆಟ್ಟಿಗೆ ಸತ್ತ ಪ್ಯಾಡೂ ಕೂಗುತ್ತದೆ. ರೋಗ ತಿಳಿಯುವುದು ಮೆಲ್ಲನೆಯ ಪೆಟ್ಟಿನಲ್ಲಿ. ಒಂದೇ ಪೆಟ್ಟಿಗೆ ಎರಡು ಸಲ ನುಡಿದರೆ ಒಳಗಿನ ಸಂವೇದಕವೋ ಅದನ್ನು ಹಿಡಿದಿರುವ ಸ್ಪಂಜೋ ಹೋಗಿದೆ ಎಂದರ್ಥ. ಅಡಾಪ್ಟರ್ ಚುಚ್ಚುವ ಕಿಂಡಿಯನ್ನು ಅಲುಗಾಡಿಸಿ ನೋಡಿ. ಜಾತ್ರೆಯ ಋತುವಿನಲ್ಲಿ ವ್ಯಾನಿನ ಹಿಂದೆ ಕುಲುಕಾಡಿದ ಯಂತ್ರಗಳಲ್ಲಿ ಮೊದಲು ಸಡಿಲವಾಗುವುದು ಅದೇ.

ಪಯಸ್ವಿನಿ:

ಪೆಟ್ಟು ಹಾಕುವ ಗೋಜೇ ಬೇಡವೆನ್ನುವವರಿಗೆ ಆರ್ಟೂರಿಯಾ ಬೀಟ್‌ಸ್ಟೆಪ್ ಇದೆ. 16 ಪ್ಯಾಡುಗಳು 16 ಹೆಜ್ಜೆಗಳಾಗುತ್ತವೆ. ಯಾವ ಹೆಜ್ಜೆಗೆ ಪೆಟ್ಟು ಬೇಕೋ ಅದನ್ನು ಒತ್ತಿದರೆ ಆಯಿತು, ತಾಳ ಸುತ್ತುತ್ತಲೇ ಇರುತ್ತದೆ. ಎಂಪಿಡಿಯಲ್ಲಿಯೂ ನೋಟ್ ರಿಪೀಟ್ ಇದೆಯಲ್ಲ, ಪ್ಯಾಡನ್ನು ಒತ್ತಿ ಹಿಡಿದರೆ ಪೆಟ್ಟುಗಳು ತಾವಾಗಿ ಸುರಿಯುತ್ತವೆ. ಚೆಂಡೆಯ ಉರುಳಿಕೆಗೆ ಕೋಲೇ ಏಕೆ ಬೇಕು?

ಅಡೂರಿನ ಮಾಷ್ಟ್ರು:

ಯಂತ್ರ ಸುರಿಸಿದ ಉರುಳಿಕೆಯಲ್ಲಿ ಎಲ್ಲ ಪೆಟ್ಟುಗಳೂ ಒಂದೇ ತೂಕದವು, ಒಂದೇ ಅಂತರದವು. ಚೆಂಡೆಯವನ ಉರುಳಿಕೆ ಪದ್ಯ ಏರುವ ಕಡೆಗೆ ಏರುತ್ತದೆ, ಭಾಗವತರ ಉಸಿರನ್ನು ನೋಡಿ ಇಳಿಯುತ್ತದೆ. ಅಂಥದ್ದನ್ನು ಹಿಡಿದ ಗುಂಡಿ ಬಿಟ್ಟುಕೊಡಲಾರದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಪಕ್ಕದಲ್ಲಿ ಕುಳಿತು ಇದನ್ನು ಬರೆದು ತಿಳಿಸಬೇಕಾಯಿತಲ್ಲ!

ಕುಂಬಳೆ ಕೋಟೆ:

ಮಾಷ್ಟ್ರೇ, ಒಂದು ಮಾತು ಸೇರಿಸುತ್ತೇನೆ. ಎಂಪಿಡಿಯ ನೋಟ್ ರಿಪೀಟ್‌ನಲ್ಲಿ ಪ್ಯಾಡಿನ ಮೇಲಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡಿದರೆ ಬಲವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ಒಂದೇ ತೂಕವೆಂಬ ದೂರು ಪೂರ್ತಿ ಸರಿಯಲ್ಲ. ಅಂತರದ ವಿಷಯದಲ್ಲಿ ನಿಮ್ಮ ಮಾತು ನಿಲ್ಲುತ್ತದೆ. ಅಲ್ಲಿರುವ ಹಂಚಿಕೆಗಳು ಕಾಲು, ಎಂಟನೆಯ, ಹದಿನಾರನೆಯ, ಮೂವತ್ತೆರಡನೆಯ ಭಾಗಗಳು ಮತ್ತು ಅವುಗಳ ಮೂರರ ಒಡೆತಗಳು ಮಾತ್ರ. ನಾಲ್ಕರ ಚತುರಶ್ರ, ಮೂರರ ತಿಶ್ರ ನಡೆಗಳಿಗೆ ಸಾಕು. ಖಂಡ ನಡೆಯ ಐದನ್ನೂ ಮಿಶ್ರದ ಏಳನ್ನೂ ಅದು ಕೊಡುವುದಿಲ್ಲ. ಬೀಟ್‌ಸ್ಟೆಪ್‌ನಲ್ಲಿ ಹೆಜ್ಜೆಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳಬಹುದಾದ್ದರಿಂದ ಏಳು ಅಕ್ಷರದ ತ್ರಿವುಡೆಗೆ ಹದಿನಾಲ್ಕು ಹೆಜ್ಜೆ, ಹತ್ತರ ಝಂಪೆಗೆ ಹತ್ತು ಹೆಜ್ಜೆ ಇಟ್ಟು ಸುತ್ತಿಸಬಹುದು. ಭಜನೆಯ ಸರಳ ನಡೆಗೆ ಅದು ನಿಜವಾಗಿ ಒಳ್ಳೆಯ ಸಾಧನ. ಆದರೆ ಬಿಡ್ತಿಗೆ, ಮುಕ್ತಾಯಗಳಂಥ ವಿಶೇಷ ನುಡಿತಗಳು ಬರುವಲ್ಲಿ ಮತ್ತೆ ಕೈಯೇ ಬೇಕು.

ರೀಪರಿನಲ್ಲಿ ಯೋಜನೆಯ ತಾಳವನ್ನು 7/4 ಎಂದೋ 7/8 ಎಂದೋ ಬದಲಾಯಿಸಿಕೊಳ್ಳುವುದನ್ನು ಮರೆಯಬೇಡಿ. 4/4ರಲ್ಲಿಯೇ ಬಿಟ್ಟು ತ್ರಿವುಡೆ ನುಡಿಸಿದರೆ ಮೆಟ್ರೊನೋಮಿನ ಮೊದಲ ಪೆಟ್ಟು ನಿಮ್ಮ ತಾಳದ ಆರಂಭವಾದ ಸಮದ ಮೇಲೆ ಬೀಳುವುದಿಲ್ಲ, ಕತ್ತರಿಸಿ ಅಂಟಿಸುವಾಗ ಎಲ್ಲವೂ ಗೋಜಲಾಗುತ್ತದೆ.

ಚಂದ್ರಗಿರಿ ತೀರ:

ಅದಕ್ಕೆ ಸಂಬಂಧಿಸಿ ಕ್ವಾಂಟೈಸ್, ಅಂದರೆ ಪೆಟ್ಟುಗಳನ್ನು ತಾಳದ ಗೆರೆಗಳಿಗೆ ಸರಿಸುವುದರ ಬಗ್ಗೆಯೂ ಒಂದು ಮಾತು. ಕೈಯಿಂದ ನುಡಿಸಿದ ಮೇಲೆ ನೂರಕ್ಕೆ ನೂರು ಗೆರೆಗೆ ಎಳೆದು ಕೂರಿಸಿದರೆ ಪ್ಯಾಡ್ ಕೊಂಡ ಹಣ ವ್ಯರ್ಥ. ಮೌಸ್‌ನಿಂದ ಇಟ್ಟದ್ದಕ್ಕೂ ಅದಕ್ಕೂ ಬಲದ ಹೊರತು ವ್ಯತ್ಯಾಸ ಉಳಿಯುವುದಿಲ್ಲ. ರೀಪರಿನ ಕ್ವಾಂಟೈಸ್ ಕಿಟಕಿಯಲ್ಲಿ ಗೆರೆಗೆ ಎಳೆಯುವ ಪ್ರಮಾಣವನ್ನು ಅರ್ಧದಷ್ಟಕ್ಕೆ ಇಳಿಸಿದರೆ ದೂರ ಸರಿದ ಪೆಟ್ಟುಗಳು ಹತ್ತಿರಕ್ಕೆ ಬರುತ್ತವೆ, ನುಡಿಸಾಣಿಕೆಯ ಗುಣ ಕೆಡುವುದಿಲ್ಲ. ಕಾಲ ಏರುತ್ತ ಹೋಗುವ ಪದ್ಯವಾದರೆ ಹಾಡನ್ನು ಮೊದಲು ದಾಖಲಿಸಿ, ಅದಕ್ಕೆ ತಕ್ಕಂತೆ ವೇಗದ ನಕ್ಷೆ ಮಾಡಿಕೊಂಡು, ಆಮೇಲೆ ಪ್ಯಾಡ್ ನುಡಿಸುವುದು ಸುಲಭ.

ಪೆರ್ಲದ ಲಯ:

ಎಸ್‌ಪಿಡಿ-20 ಬೇಡವೆಂದು ನಿರ್ಧರಿಸಿದೆ. ಚೆಂಡೆಗಾಗಿ ಇನ್ನೊಮ್ಮೆ ನೋಡೋಣ. ಎಂಪಿಡಿ218 ತರಿಸುತ್ತಿದ್ದೇನೆ. ಮದ್ದಳೆಯ ನಾದಗಳನ್ನು ಅದರ ಹದಿನಾರು ಪ್ಯಾಡುಗಳಲ್ಲಿ ಹೇಗೆ ಹಂಚುವುದೆಂದು ಯಾರಾದರೂ ಹೇಳುವಿರಾ? ಡ್ರಮ್ ಸೆಟ್ಟಿಗೆ ಕಿಕ್ 36, ಸ್ನೇರ್ 38, ಮುಚ್ಚಿದ ಹೈಹ್ಯಾಟ್ 42, ತೆರೆದದ್ದು 46 ಎಂದು ಸ್ವರಸಂಖ್ಯೆಗಳನ್ನು ಹಂಚಿದ ಜನರಲ್ ಮಿಡಿ ಎಂಬ ಸಾಮಾನ್ಯ ಕ್ರಮ ಇದೆ. ಮದ್ದಳೆಗೆ ಅಂಥದ್ದೇನೂ ಇಲ್ಲವಲ್ಲ.

ಚಂದ್ರಗಿರಿ ತೀರ:

ಇಲ್ಲದಿರುವುದೇ ಅನುಕೂಲ, ನಿಮ್ಮ ಕೈಗೆ ಬೇಕಾದಂತೆ ಇಟ್ಟುಕೊಳ್ಳಿ. ನಾನಾದರೆ ಹೀಗೆ ಮಾಡುತ್ತಿದ್ದೆ. ಪ್ಯಾಡುಗಳ ಎಡಭಾಗದ ಎರಡು ಕಂಬಗಳು ಎಡಮುಖಕ್ಕೆ, ಬಲಭಾಗದ ಎರಡು ಕಂಬಗಳು ಬಲಮುಖಕ್ಕೆ. ಆಗ ಮದ್ದಳೆಯಲ್ಲಿ ಯಾವ ಕೈ ಏನು ಮಾಡುತ್ತಿತ್ತೋ ಅದೇ ಕೈ ಅದನ್ನೇ ಮಾಡುತ್ತದೆ, ಕಲಿತದ್ದನ್ನು ಅಳಿಸಿ ಕಲಿಯಬೇಕಾಗುವುದಿಲ್ಲ. ನಿಮಗೆ ಹತ್ತಿರವಿರುವ ಕೆಳಗಿನ ಸಾಲಿನಲ್ಲಿ ಹೆಚ್ಚು ಬಳಸುವ ನುಡಿಗಳು, ಅಂದರೆ ಎಡಕ್ಕೆ ತೆರೆದ ತೊಂ ಮತ್ತು ಮುಚ್ಚಿದ ತ, ಬಲಕ್ಕೆ ನಂ ಮತ್ತು ಧೀ. ಎರಡನೆಯ ಸಾಲಿನಲ್ಲಿ ಛಾಪು ಮತ್ತು ಅಂಚಿನ ಪೆಟ್ಟುಗಳು. ಗುಮ್ಕಿಗೆ ಬೇರೆ ಬೇರೆ ಎಳೆತಗಳ ಮೂರ್ನಾಲ್ಕು ಮಾದರಿಗಳನ್ನು ದಾಖಲಿಸಿ ಮೇಲಿನ ಎಡಮೂಲೆಗೆ ಹಾಕಿ. ಮಾಷ್ಟ್ರು ಹೇಳಿದ ಜೀವಂತ ಎಳೆತ ಇದರಿಂದ ಬರುವುದಿಲ್ಲ, ಆದರೆ ಹಾಡಿನ ಹಿಂದೆ ನಿಂತಾಗ ಕಿವಿ ಒಪ್ಪುತ್ತದೆ.

ಇದರಲ್ಲಿ ಎರಡು ಉಪಾಯಗಳು ಬಹಳ ಕೆಲಸಕ್ಕೆ ಬರುತ್ತವೆ. ವೇಗದಲ್ಲಿ ಎರಡು ಬೆರಳಿನಿಂದ ನುಡಿಸುವ ಪೆಟ್ಟನ್ನು ಅಕ್ಕಪಕ್ಕದ ಎರಡು ಪ್ಯಾಡುಗಳಿಗೂ ಅದೇ ಸ್ವರಸಂಖ್ಯೆ ಕೊಟ್ಟು ಇಟ್ಟುಕೊಳ್ಳಿ; ಒಂದೇ ಪ್ಯಾಡಿನ ಮೇಲೆ ಬೆರಳುಗಳು ಡಿಕ್ಕಿ ಹೊಡೆಯುವುದು ತಪ್ಪುತ್ತದೆ. ಎರಡನೆಯದು, ಒಂದೇ ಮುಖದ ತೆರೆದ ನಾದ ಮತ್ತು ಮುಚ್ಚಿದ ನಾದಗಳನ್ನು ಒಂದೇ ಚೋಕ್ ಗುಂಪಿಗೆ ಸೇರಿಸಿ. ಆಗ ಮುಚ್ಚಿದ ಪೆಟ್ಟು ಬಿದ್ದ ಕೂಡಲೇ ಗುಂಯ್‌ಗುಟ್ಟುತ್ತಿದ್ದ ನಾದ ನಿಲ್ಲುತ್ತದೆ. ಈ ಏರ್ಪಾಡು ಇಲ್ಲದ ಮದ್ದಳೆ ಕೆರೆಯೊಳಗೆ ನುಡಿಸಿದಂತೆ ಮಸುಕಾಗಿ ಕೇಳಿಸುತ್ತದೆ, ಯಾರಾದರೂ ಕೇಳಿದ ತಕ್ಷಣ ‘ಕಂಪ್ಯೂಟರ್’ ಎನ್ನುತ್ತಾರೆ.

ಮಾದರಿಗಳನ್ನು ದಾಖಲಿಸುವಾಗ ಪ್ರತಿ ನುಡಿಯನ್ನೂ ಮೆಲ್ಲನೆ, ಹದವಾಗಿ, ಜೋರಾಗಿ ಎಂದು ಬೇರೆ ಬೇರೆ ಬಲದಲ್ಲಿ, ಪ್ರತಿ ಬಲದಲ್ಲೂ ಮೂರ್ನಾಲ್ಕು ಸಲ ತೆಗೆದುಕೊಳ್ಳಿ. ಬಲಕ್ಕೆ ತಕ್ಕ ಪದರ ಆರಿಸಿಕೊಳ್ಳುವಂತೆ, ಒಂದೇ ಬಲದಲ್ಲಿ ಸರದಿಯಂತೆ ಬೇರೆ ಬೇರೆ ಕಡತ ಬರುವಂತೆ ಸಾಂಪ್ಲರನ್ನು (ದಾಖಲಿಸಿದ ನಾದಗಳನ್ನು ನುಡಿಸುವ ತಂತ್ರಾಂಶ) ಹೊಂದಿಸಿ. ರೀಪರಿನ ಜೊತೆಗೇ ಬರುವ ರೀಸಾಂಪ್ಲೊಮ್ಯಾಟಿಕ್5000ದಲ್ಲಿ ಪ್ರತಿ ಮಾದರಿಗೂ ಕನಿಷ್ಠ, ಗರಿಷ್ಠ ಬಲ ಕೊಡಬಹುದು. ಅದರಲ್ಲಿ ನೋಟ್-ಆಫ್ (ಬೆರಳೆತ್ತಿದಾಗ ಹೋಗುವ ಸಂದೇಶ) ಪಾಲಿಸುವ ಗುರುತನ್ನು ತೆಗೆದಿಡಿ, ಇಲ್ಲವಾದರೆ ಬೆರಳೆತ್ತಿದ ಕೂಡಲೇ ತೊಂ ಅರ್ಧಕ್ಕೆ ತುಂಡಾಗುತ್ತದೆ.

ಉಪ್ಪಳದ ರಿದಂ:

ಸ್ವರದ ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ. 36 ಎಂಬ ಒಂದೇ ಸಂಖ್ಯೆಯನ್ನು ಒಂದು ತಂತ್ರಾಂಶ ಸಿ1 ಎನ್ನುತ್ತದೆ, ಇನ್ನೊಂದು ಸಿ2, ಎಫ್‌ಎಲ್ ಸ್ಟುಡಿಯೋ ಸಿ3 ಎನ್ನುತ್ತದೆ. ಸಂಖ್ಯೆಯನ್ನೇ ಹಿಡಿದು ನಡೆಯಿರಿ.

ಅಡೂರಿನ ಮಾಷ್ಟ್ರು:

ಶ್ರುತಿಯ ವಿಚಾರವನ್ನು ಯಾರೂ ಎತ್ತಲಿಲ್ಲ. ಕಪ್ಪು ಎರಡಕ್ಕೆ (ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಶ್ರುತಿಗೆ) ಏರಿಸಿದ ಮದ್ದಳೆಯನ್ನು ದಾಖಲಿಸಿಕೊಂಡು ಕಪ್ಪು ಮೂರರಲ್ಲಿ ಹಾಡುವವರಿಗೆ ಬಳಸಲು ಹೊರಟರೆ ಯಂತ್ರದಲ್ಲಿ ಮೂರು ಅರ್ಧಸ್ವರ ಎಳೆಯಬೇಕಾಗುತ್ತದೆ. ಒಂದೂವರೆ ಎರಡರ ತನಕ ಸಹಿಸಬಹುದು, ಅದರ ಮೇಲೆ ಮದ್ದಳೆ ಡಬ್ಬಿಯಾಗುತ್ತದೆ. ಸಾಧ್ಯವಾದರೆ ಎರಡು ಶ್ರುತಿಗಳಲ್ಲಿ ದಾಖಲಿಸಿ. ಬಲಮುಖವನ್ನು ಮಾತ್ರ ಎರಡು ಸಲ ತೆಗೆದರೂ ಬಹುಪಾಲು ಕೆಲಸ ಆಗುತ್ತದೆ. ಮಳೆಗಾಲ ಕಳೆಯುವ ತನಕ ಕಾಯುವುದೂ ಒಳ್ಳೆಯದು. ಆಟಿ ತಿಂಗಳ ಥಂಡಿಯಲ್ಲಿ ಚರ್ಮ ಸಡಿಲವಾಗಿ ಒಂದು ಗಂಟೆಯೊಳಗೆ ಶ್ರುತಿ ಇಳಿಯುತ್ತದೆ, ಮೊದಲು ದಾಖಲಿಸಿದ ನಂ ಕೊನೆಯಲ್ಲಿ ದಾಖಲಿಸಿದ ಧೀಗೆ ಹೊಂದುವುದಿಲ್ಲ.

ಪೆರ್ಲದ ಲಯ:

ಪ್ಯಾಡ್ ಬಂತು. ಅಕ್ಕ ಹೇಳಿದ ಕ್ರಮದಲ್ಲಿಯೇ ಎಡ, ಬಲ ಹಂಚಿ ನುಡಿಸಿ ನೋಡಿದೆ. ಏಕತಾಳ, ತ್ರಿವುಡೆಗಳ ಸಾದಾ ನಡೆಗಳು ಬೇಗ ಕೈಗೆ ಬಂದವು. ಮೆಲ್ಲನೆಯ ಪೆಟ್ಟುಗಳು ಮಾತ್ರ ಅಲ್ಲಲ್ಲಿ ದಾಖಲಾಗುತ್ತಿಲ್ಲ, ವಿಶೇಷವಾಗಿ ಕಿರುಬೆರಳು, ಉಂಗುರದ ಬೆರಳಿನವು.

ಕುಂಬಳೆ ಕೋಟೆ:

ಮೊದಲು ಪ್ಯಾಡನ್ನು ಬೈಯದೆ ಕೂರುವ ಭಂಗಿ ನೋಡಿ. ಮೇಜು ಎತ್ತರವಾಗಿದ್ದರೆ ಮಣಿಕಟ್ಟು ಮಡಚಿ ಬೆರಳಿಗೆ ಭಾರ ಸಿಗುವುದಿಲ್ಲ. ನೆಲದ ಮೇಲೆ ಕುಳಿತು, ತೊಡೆಯ ಎತ್ತರದ ಮಣೆಯ ಮೇಲೆ ಪ್ಯಾಡಿಟ್ಟು ನುಡಿಸಿ. ಅಡಿಗೆ ಒಂದು ರಬ್ಬರ್ ಹಾಳೆ ಹಾಕಿದರೆ ಜಾರುವುದಿಲ್ಲ. ಆಮೇಲೂ ಸಾಲದಿದ್ದರೆ ರೀಪರಿನಲ್ಲಿ ಬಲವನ್ನು ಹೊಂದಿಸುವ ಮಿಡಿ ಪ್ಲಗಿನ್ನುಗಳು ಜೊತೆಯಲ್ಲೇ ಬರುತ್ತವೆ, ಅದನ್ನು ಸಾಂಪ್ಲರಿನ ಮೊದಲು ಹಾಕಿ ಕೆಳಗಿನ ಸಂಖ್ಯೆಗಳನ್ನು ಮೇಲೆತ್ತಿ. ದಾಖಲಾಗದೆ ಹೋದ ಪೆಟ್ಟನ್ನು ಅದು ತಂದುಕೊಡುವುದಿಲ್ಲ, ದಾಖಲಾದರೂ ಕೇಳಿಸದೆ ಹೋದದ್ದನ್ನು ತಂದುಕೊಡುತ್ತದೆ. ಕಿರುಬೆರಳಿನ ಪೆಟ್ಟುಗಳನ್ನು ತೋರುಬೆರಳಿಗೋ ನಡುಬೆರಳಿಗೋ ವರ್ಗಾಯಿಸುವುದು ಕೊನೆಯ ದಾರಿ.

ಚಂದ್ರಗಿರಿ ತೀರ:

ತುಲಾ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿಯೇ ಕೆಲಸ ಮಾಡಿ. ಪ್ಯಾಡಿಗೆ ಯುಎಸ್‌ಬಿಯ ವಿದ್ಯುತ್ತು ಸಾಕಾಗುವುದರಿಂದ ತೊಂದರೆಯಿಲ್ಲ. ಆದರೆ ವಿಂಡೋಸಿನ ಪವರ್ ಆಯ್ಕೆಯನ್ನು ಹೆಚ್ಚಿನ ಸಾಮರ್ಥ್ಯಕ್ಕೆ ಇಟ್ಟುಕೊಳ್ಳಿ. ಬ್ಯಾಟರಿ ಉಳಿಸುವ ಆಯ್ಕೆಯಲ್ಲಿದ್ದರೆ 256ರಲ್ಲಿಯೂ ಚಟಚಟ ಶುರುವಾಗುತ್ತದೆ.